ಕಿಟಕಿ ಬಿಗಿಯಾಗಿರಲಿ, ದಾರಿಯೂ ಇರಲಿ

ಶುಕ್ರವಾರ ಹಿಂಜವಾಡಿಯಲ್ಲಿ ಕೆಲಸ ಮುಗಿಸಿ, ವಾಕಡ್‌ನಲ್ಲಿ ಬಸ್ ಹತ್ತಿ, ಬೆಳಗ್ಗೆ ಹುಬ್ಬಳ್ಳಿಯಲ್ಲಿ ಇಳಿಯುವವರು ನಾವು. ಹಳೆಯ ಕೆಂಪು ಬಸ್ಸಿನ ಕಿಟಕಿಯಲ್ಲಿ ಮಳೆ ಸೋರುತ್ತಿತ್ತು. ಇಂದಿನ ಎಸಿ ಸ್ಲೀಪರ್‌ನಲ್ಲಿ ಗಾಜನ್ನು ಚೌಕಟ್ಟಿಗೇ ಅಂಟಿಸಿರುತ್ತಾರೆ. ನೀರು, ದೂಳು ಒಳಬರುವುದಿಲ್ಲ ನಿಜ. ಹೊಗೆ ತುಂಬಿದರೆ ನಾವೂ ಹೊರಹೋಗಲಾಗದು. 2013ರ ನವೆಂಬರ್ 14ರ ನಸುಕಿನಲ್ಲಿ, ಇದೇ ಹೆದ್ದಾರಿಯಲ್ಲಿ, ಹಾವೇರಿ ಬಳಿ ಮುಂಬೈ ಬಸ್ ಹೊತ್ತಿ ಉರಿದು ಏಳು ಮಂದಿ ಸತ್ತರು.

ಸೀಟು ಕಿತ್ತು ಬರ್ತ್ ಕೂರಿಸುವವರು ತುರ್ತು ಕಿಟಕಿಗೆ ಅಡ್ಡ ಇಡಬಾರದು, ಸುತ್ತಿಗೆ ಕೈಗೆಟುಕುವಂತಿರಬೇಕು. ನಾವೂ ಅಷ್ಟೇ, ಹತ್ತಿದ ಕೂಡಲೇ ಚಾರ್ಜಿಂಗ್ ಪಾಯಿಂಟ್ ಹುಡುಕುವ ಬದಲು ಸುತ್ತಿಗೆ ಹುಡುಕೋಣ. ಗಾಜಿನ ನಡುವಿಗಲ್ಲ, ಮೂಲೆಗೆ ಹೊಡೆಯಬೇಕು ಎಂಬುದು ನೆನಪಿರಲಿ. ಸುತ್ತಿಗೆ ಕಾಣದಿದ್ದರೆ ಬಸ್ ಹೊರಡುವ ಮುನ್ನವೇ ಕೇಳಿ. ಊರು ತಲುಪುವುದು ಮುಖ್ಯ.