ಕಾವಲುಗಾರನ ಕೈಯಲ್ಲಿ ಎಷ್ಟು ಬೀಗದಕೈ?

ಗಣಕಯಂತ್ರಗಳ ರಕ್ಷಣೆಗೆಂದು ದೊಡ್ಡ ಸಂಸ್ಥೆಗಳು ಕೊಳ್ಳುವ ತಂತ್ರಾಂಶವು ಸ್ವತಃ ನಿರ್ದೋಷವೆಂದು ನಾವು ನಂಬಿಬಿಡುತ್ತೇವೆ. 2016ರ ಜೂನ್ ತಿಂಗಳಿನಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕ ಟಾವಿಸ್ ಆರ್ಮಂಡಿಯವರು ಈ ನಂಬಿಕೆಯ ಬುಡವನ್ನೇ ಅಲುಗಿಸಿದರು. ಸಿಮ್ಯಾಂಟೆಕ್ ಕಂಪನಿಯ ರಕ್ಷಣಾ ತಂತ್ರಾಂಶವು ಬಂದ ಕಡತಗಳನ್ನು ತಾನೇ ಬಿಚ್ಚಿ ಪರೀಕ್ಷಿಸುತ್ತಿತ್ತಷ್ಟೆ. ಅಡಕಗೊಳಿಸಿದ ಕಡತವೊಂದು ತನ್ನ ಗಾತ್ರವನ್ನು ಕುರಿತು ಸುಳ್ಳು ಹೇಳಿದರೆ, ಆ ಮಾತನ್ನು ನಂಬಿ ಮೀಸಲಿಟ್ಟ ಸ್ಮೃತಿಸ್ಥಾನವು ತುಂಬಿ ಹೊರಚೆಲ್ಲಿ, ಆಕ್ರಮಣಕಾರನ ಆದೇಶಗಳಿಗೆ ಎಡೆಯಾಗುತ್ತಿತ್ತು. ಮಿಂಚಂಚೆಯನ್ನು ಯಾರೂ ತೆರೆಯಬೇಕಾಗಿರಲಿಲ್ಲ. ಅದು ಬಂದು ಸೇರಿದರೆ ಸಾಕಾಗಿತ್ತು. ವಿಂಡೋಸ್ ಯಂತ್ರಗಳಲ್ಲಂತೂ ಈ ಬಿಚ್ಚುವ ಕಾರ್ಯವು ಕರ್ನೆಲ್ ಎಂಬ ಗರ್ಭಗುಡಿಯಲ್ಲಿಯೇ ನಡೆಯುತ್ತಿದ್ದಿತು!

ಕಂಪನಿಯು ದೋಷಗಳನ್ನು ಸರಿಪಡಿಸಿತು. ನನ್ನ ಆಕ್ಷೇಪವಾದರೋ ತಪ್ಪಿನ ಬಗೆಗಲ್ಲ. ಪ್ರಯೋಗಶಾಲೆಗಾಗಿ ನಾನು ಬರೆದ ಪುಟ್ಟ ಕ್ರಮವಿಧಿಗಳೂ ಎಷ್ಟೋ ಬಾರಿ ತಪ್ಪಿವೆ. ಅಪರಿಚಿತ ದ್ರವವನ್ನು ನಮ್ಮ ರಸಾಯನಶಾಸ್ತ್ರದ ಮಿತ್ರರು ಹೊಗೆಗೂಡಿನಲ್ಲಿ ಪರೀಕ್ಷಿಸುತ್ತಾರೆಯೇ ಹೊರತು ಅಡುಗೆಮನೆಯಲ್ಲಲ್ಲ. ಅಂತೆಯೇ ಸಂಶಯಾಸ್ಪದ ಕಡತವನ್ನು ಬಿಚ್ಚುವ ಭಾಗಕ್ಕೆ ಅತ್ಯಲ್ಪ ಅಧಿಕಾರವಿದ್ದರೆ, ಅದು ಕೆಟ್ಟರೂ ಕೇಡು ಆ ಕೋಣೆಯನ್ನು ದಾಟುವುದು ದುಸ್ತರ. ಮೈಕ್ರೋಸಾಫ್ಟ್ ಕಂಪನಿಯು 2018ರಲ್ಲಿ ತನ್ನ ಡಿಫೆಂಡರ್ ತಂತ್ರಾಂಶಕ್ಕೆ ಇಂತಹ ಪ್ರತ್ಯೇಕ ಕೋಣೆಯನ್ನು ಒದಗಿಸಿತು. ಕೊಳ್ಳುವ ಮುನ್ನ ಅದನ್ನು ವಿಚಾರಿಸುವವರು, ನಾನು ಕಂಡಮಟ್ಟಿಗೆ, ತೀರ ವಿರಳ.