ಲಿವರ್ ಕ್ಯಾನ್ಸರ್ ಔಷಧ ಸಂಶೋಧನೆ ಕುರಿತು ಮನವಿ ಪತ್ರ

ಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ವೈದ್ಯಕೀಯ ಶಿಕ್ಷಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಲಿವರ್ ಕ್ಯಾನ್ಸರ್‌ಗೆ ಹೊಸ ಗುಳಿಗೆಗಳನ್ನು ರೂಪಿಸುವ ಸಂಶೋಧನೆಗೆ ನೆರವು ಕೋರಿ.

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾವು ಲಿವರ್ ಕ್ಯಾನ್ಸರ್ ರೋಗಿಗಳು ಮತ್ತು ಅವರ ಮನೆಯವರು. ಗೆಡ್ಡೆಯ ಬೆಳವಣಿಗೆಗೆ ಬೇಕಾದ ಕಿಣ್ವಗಳನ್ನೇ ತಡೆಯುವ ಸಣ್ಣ ಅಣುವಿನ ಔಷಧಗಳಲ್ಲಿ ಈ ರೋಗಕ್ಕೆ ಮೊದಲು ಬಂದದ್ದು ಸೊರಾಫೆನಿಬ್. ಈ ರೋಗಕ್ಕೆ ಇದನ್ನು ಬಳಸಲು ಅಮೆರಿಕದಲ್ಲಿ 2007ರಲ್ಲಿ ಅನುಮತಿ ಸಿಕ್ಕಿತು. ಭಾರತದಲ್ಲಿ ತಿಂಗಳಿಗೆ ಬೇಕಾಗುವ 120 ಗುಳಿಗೆಗಳಿಗೆ ಸುಮಾರು 2.80 ಲಕ್ಷ ರೂಪಾಯಿ ಆಗುತ್ತಿತ್ತು. 2012ರ ಮಾರ್ಚ್‌ನಲ್ಲಿ ಪೇಟೆಂಟ್ ಕಂಟ್ರೋಲರ್ ನ್ಯಾಟ್ಕೊ ಔಷಧ ಕಂಪನಿಗೆ ಕಡ್ಡಾಯ ಪರವಾನಗಿ (ಪೇಟೆಂಟ್ ಹೊಂದಿದವರ ಒಪ್ಪಿಗೆ ಇಲ್ಲದೆಯೂ ತಯಾರಿಸುವ ಅನುಮತಿ) ನೀಡಿ, ಬೆಲೆ 8,880 ರೂಪಾಯಿ ಮೀರದಂತೆ ನಿಗದಿಪಡಿಸಿದರು. ಆ ಆದೇಶದ ಋಣ ನಮ್ಮ ಮೇಲಿದೆ.

ಬೆಲೆ ಇಳಿಯಿತು, ಔಷಧದ ಮಿತಿ ಹಾಗೆಯೇ ಉಳಿಯಿತು. ಅನುಮತಿಗೆ ಆಧಾರವಾದ ಪ್ರಯೋಗದಲ್ಲಿ ರೋಗಿಗಳ ಮಧ್ಯಾಂಕ (ಮೀಡಿಯನ್) ಆಯಸ್ಸು 7.9 ತಿಂಗಳಿಂದ 10.7 ತಿಂಗಳಿಗೆ ಏರಿತ್ತು, ಅಷ್ಟೇ. 2018ರಲ್ಲಿ ಈ ರೋಗಕ್ಕೆ ಬಂದ ಲೆನ್ವಾಟಿನಿಬ್ ಎಂಬ ಔಷಧ ಸೊರಾಫೆನಿಬ್‌ಗಿಂತ ಕೀಳಲ್ಲ ಎಂದು ಸಾಬೀತಾಯಿತೇ ಹೊರತು ಆಯಸ್ಸಿನ ಲೆಕ್ಕದಲ್ಲಿ ಮೇಲು ಎಂದಲ್ಲ. ಸೊರಾಫೆನಿಬ್‌ನ ನಾಲ್ಕು ಗುಳಿಗೆ ದಿನವೂ ನುಂಗುವವರಲ್ಲಿ ಕೆಲವರ ಅಂಗೈ, ಅಂಗಾಲು ಕೆಂಪಾಗಿ ಬೊಬ್ಬೆ ಏಳುತ್ತವೆ. ರೊಟ್ಟಿ ಮುರಿಯಲೂ ಆಗದವರಿದ್ದಾರೆ. ಆಗ ವೈದ್ಯರು ಡೋಸ್ ಇಳಿಸಲೇಬೇಕಾಗುತ್ತದೆ.

ಇನ್ನೊಂದು ಸಂಗತಿ ತಮ್ಮ ಇಲಾಖೆಗೇ ಸೇರಿದ್ದು. ಲಿವರ್ ಗಟ್ಟಿಗೊಳ್ಳುವ ಸಿರೋಸಿಸ್ ಇರುವವರಲ್ಲಿ ಈ ಕ್ಯಾನ್ಸರನ್ನು ಸಿ.ಟಿ., ಎಂ.ಆರ್.ಐ. ನೋಡಿಯೇ ಖಚಿತಪಡಿಸಬಹುದು, ಎಷ್ಟೋ ಮಂದಿಗೆ ಬಯಾಪ್ಸಿ ಆಗುವುದೇ ಇಲ್ಲ. ರೋಗಿಗೆ ಸೂಜಿಯ ಕಾಟ ತಪ್ಪುತ್ತದೆ, ನಿಜ. ಆದರೆ ಪ್ರಯೋಗಾಲಯಕ್ಕೆ ಗೆಡ್ಡೆಯ ಚೂರೂ ಸಿಗುವುದಿಲ್ಲ. ಉದಾಹರಣೆಗೆ, ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನಿನ ವಂಶವಾಹಿಯ ದೋಷ ಈ ಕ್ಯಾನ್ಸರ್‌ನಲ್ಲಿ ಪದೇಪದೇ ಕಾಣುವಂಥದ್ದು. ಆ ಪ್ರೋಟೀನಿನಲ್ಲಿ ಔಷಧದ ಅಣು ಕೂರಲು ಸರಿಯಾದ ಪೊಟರೆ ಸಿಗುವುದು ಕಷ್ಟ; ಇಂಥ ಕೆಲಸಕ್ಕೆ ರೋಗಿಗಳ ಅಂಗಾಂಶವೇ ಮೂಲಬಂಡವಾಳ.

ಆದ್ದರಿಂದ, ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಅಥವಾ ಬಯಾಪ್ಸಿ ಆದಾಗ ರೋಗಿಯ ಒಪ್ಪಿಗೆ ಪಡೆದು ಅಂಗಾಂಶವನ್ನು ಶೀತಲೀಕರಿಸಿ ಇಡುವ ಸಂಗ್ರಹವೊಂದನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಸ್ಥಾಪಿಸಬೇಕು. ಹೆಪಟೈಟಿಸ್ ಬಿ, ಮದ್ಯ, ಫ್ಯಾಟಿ ಲಿವರ್, ಯಾವ ಕಾರಣದಿಂದ ರೋಗ ಬಂತೆಂಬುದೂ ಅದರಲ್ಲಿ ದಾಖಲಾಗಬೇಕು. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಿಗೆ ಅದು ಮುಕ್ತವಾಗಿರಲಿ, ಜೊತೆಗೆ ಐದು ವರ್ಷವಾದರೂ ನಿಲ್ಲದ ಅನುದಾನ ಸಿಗಲಿ. ದೊಡ್ಡ ಪ್ರಯೋಗಗಳು ಲಿವರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದ್ದವರನ್ನೇ ಹೆಚ್ಚಾಗಿ ಆರಿಸಿಕೊಂಡಿವೆ. ನಮ್ಮಲ್ಲಿ ಅನೇಕರು ಆಸ್ಪತ್ರೆಗೆ ಬರುವ ಹೊತ್ತಿಗೆ ಕಾಮಾಲೆ ಏರಿ, ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ. ಅಂಥವರಿಗೆ ಸುರಕ್ಷಿತವಾದ ಡೋಸ್ ಎಷ್ಟೆಂದು ತಿಳಿಯುವ ಪ್ರಯೋಗಗಳಿಗೂ ಹಣ ಮೀಸಲಿಡಬೇಕು. ಸಾರ್ವಜನಿಕರ ದುಡ್ಡಿನಿಂದ ಹುಟ್ಟಿದ ಔಷಧವನ್ನು ಕಂಪನಿಗೆ ಒಪ್ಪಿಸುವಾಗ ಬೆಲೆಯ ಮಿತಿಯನ್ನು ಕರಾರಿನಲ್ಲೇ ಬರೆಯಬೇಕು. 2012ರಂತೆ ಇನ್ನೊಮ್ಮೆ ಪೇಟೆಂಟ್ ಕಚೇರಿಯ ಮೆಟ್ಟಿಲೇರುವಷ್ಟು ಕಾಲ ನಮ್ಮ ರೋಗಿಗಳಿಗಿಲ್ಲ.

ಈ ಬಗ್ಗೆ ತಜ್ಞರ ಸಭೆ ಕರೆದು, ರೋಗಿಗಳ ಕಡೆಯವರಿಗೂ ಅದರಲ್ಲಿ ಸ್ಥಾನ ಕೊಡಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)