ಕಾಣದ ತವರು



ಹದಿನೈದು ದಿನ ಮನೆಯನ್ನು ಮುಚ್ಚಿ ಬಂಧುಗಳಲ್ಲಿಗೆ ಹೋಗಿಬಂದರೆ, ಮನೆ ಮತ್ತೆ ಮನೆಯಾಗಲು ಎರಡು ದಿನಗಳಾದರೂ ಹಿಡಿಯುವುವು. ಒಲೆ ಸರಿಯಾಗಿ ಉರಿಯದು. ಉಪ್ಪಿನ ಭರಣಿ ನೀರೊಡೆದಿರುವುದು. ಕೊಡವನ್ನು ಎಲ್ಲಿ ಕವುಚಿ ಇಟ್ಟೆವೆಂಬುದು ನೆನಪಿಗೆ ಬಾರದು. ಹೀಗಿರುವಲ್ಲಿ, ಮೂರು ನಾಲ್ಕು ತಲೆಮಾರು ಒಂದು ದ್ವೀಪದಲ್ಲಿ ಬಾಳಿದವರಿಗೆ ಒಂದು ದಿನ 'ಇನ್ನು ನಿಮ್ಮ ಊರಿಗೆ ಹೋಗಿರಿ' ಎಂದು ಚೀಟಿ ಬಂದರೆ ಅವರ ಪಾಡೇನು? ಆ ಊರನ್ನು ಅವರಲ್ಲಿ ಬಹುಮಂದಿ ಕಣ್ಣಿನಿಂದ ಕಂಡವರೇ ಅಲ್ಲ. ಸಿಂಹಳದ್ವೀಪದ ಚಹದ ತೋಟಗಳಿಂದ ಬಂದು ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳ ಸಂಗತಿಯನ್ನು ಈ ತಿಂಗಳು ಹೇಳಬೇಕೆಂದಿದ್ದೇನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಆ ದ್ವೀಪದ ನಡುನಾಡಿನ ಬೆಟ್ಟಗಳನ್ನು ಕಡಿದು ಕಾಫಿಯ ತೋಟಗಳನ್ನು ಮಾಡಿದಾಗ, ದುಡಿಯುವ ಕೈಗಳಿಗಾಗಿ ಅವರ ದೃಷ್ಟಿ ಬಿದ್ದುದು ಮಧುರೆ, ತಿರುಚಿರಾಪಳ್ಳಿ, ಸೇಲಂ, ರಾಮನಾಥಪುರ ಮೊದಲಾದ ಬರಪೀಡಿತ ಸೀಮೆಗಳ ಮೇಲೆ. 'ಕಂಗಾಣಿ' ಎಂಬ ಮೇಸ್ತ್ರಿಯು ಮುಂಗಡ ಕೊಟ್ಟು ಊರೂರಿನಿಂದ ಆಳುಗಳನ್ನು ಕೂಡಿಸುತ್ತಿದ್ದನು. ಸಮುದ್ರವನ್ನು ದಾಟಿದ ಬಳಿಕ ಮನ್ನಾರಿನಿಂದ ಬೆಟ್ಟದ ತನಕ ಕಾಡುಹಾದಿಯ ಕಾಲುನಡಿಗೆ. ಜ್ವರದಿಂದಲೂ ವಾಂತಿಭೇದಿಯಿಂದಲೂ ಆ ಹಾದಿಯಲ್ಲಿ ಸತ್ತವರು ಅನೇಕರು. 1869ರಲ್ಲಿ ಕಾಣಿಸಿಕೊಂಡ ಎಲೆರೋಗವು ಮುಂದೆ ಕ್ರಮೇಣ ಕಾಫಿಯನ್ನು ಅಳಿಸಿಹಾಕಿತು. ಅದರ ಜಾಗದಲ್ಲಿ ಚಹ ಬಂದಿತು. ಕಾಫಿಯಾದರೆ ಕೊಯ್ಲಿನ ಕಾಲಕ್ಕೆ ಬಂದು ಊರಿಗೆ ಹಿಂದಿರುಗಬಹುದು; ಚಹದ ಚಿಗುರನ್ನು ವರ್ಷವಿಡೀ ಕೀಳಬೇಕು. ಆದುದರಿಂದ ಬಂದವರು ಅಲ್ಲಿಯೇ ನಿಂತರು. ಲೈನುಮನೆಗಳ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಕೊಡಗು ಚಿಕ್ಕಮಗಳೂರುಗಳ ಕಾಫಿತೋಟಗಳನ್ನು ಬಲ್ಲವರಿಗೆ ಲೈನುಮನೆಯೆಂದರೆ ಏನೆಂದು ನಾನು ವಿವರಿಸಬೇಕಾಗಿಲ್ಲ.

ದ್ವೀಪಕ್ಕೆ 1948ರಲ್ಲಿ ಸ್ವಾತಂತ್ರ್ಯ ಬಂದಿತು. ಅದೇ ವರ್ಷ ಪೌರತ್ವದ ಕಾನೂನೂ ಬಂದಿತು. ತಂದೆ ಇಲ್ಲಿಯೇ ಹುಟ್ಟಿದನೆಂದಾಗಲಿ, ಅಜ್ಜ ಮುತ್ತಜ್ಜರಿಬ್ಬರೂ ಇಲ್ಲಿಯೇ ಹುಟ್ಟಿದರೆಂದಾಗಲಿ ಕಾಗದ ತೋರಿಸಬೇಕು. ಲೈನುಮನೆಯಲ್ಲಿ ಹುಟ್ಟಿದ ಕೂಲಿಯ ಮಗುವಿನ ಹುಟ್ಟನ್ನು ಬರೆದಿಟ್ಟವರು ಎಷ್ಟು ಮಂದಿ? ಲಕ್ಷಾಂತರ ಜನರು ಒಂದೇ ಕಾನೂನಿನಿಂದ ಯಾವ ದೇಶಕ್ಕೂ ಸೇರದವರಾದರು. 1964ನೆಯ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಗಳೂ ಸಿರಿಮಾವೋ ಬಂಡಾರನಾಯಕೆಯವರೂ ಒಂದು ಒಪ್ಪಂದ ಮಾಡಿಕೊಂಡರು: 5,25,000 ಮಂದಿ ಭಾರತಕ್ಕೆ, 3,00,000 ಮಂದಿ ದ್ವೀಪಕ್ಕೆ. ಉಳಿದ 1,50,000 ಮಂದಿಯನ್ನು ಎರಡು ದೇಶಗಳೂ 1974ರಲ್ಲಿ ಸಮವಾಗಿ ಹಂಚಿಕೊಂಡವು. ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ಹಸುಕರುಗಳನ್ನು ಎಣಿಸುವಂತೆ ಈ ಎಣಿಕೆ ನನಗೆ ತೋರುತ್ತದೆ. ಹಸುಕರುಗಳನ್ನು ಯಾರೂ ಕೇಳುವುದಿಲ್ಲ. ಇವರ ಮುಖಂಡರನ್ನೂ ಕೇಳಲಿಲ್ಲ.

ಹೊರಡುವ ದಿನ ಬೆಟ್ಟದ ರೈಲುನಿಲ್ದಾಣಗಳಲ್ಲಿ ಸಾವಿನ ಮನೆಯ ಗೋಳಾಟವಿರುತ್ತಿತ್ತೆಂದು ಬಂದವರು ಹೇಳುವರು. ಅಕ್ಕನಿಗೆ ಭಾರತದ ಕಾಗದ, ತಂಗಿಯ ಗಂಡನಿಗೆ ದ್ವೀಪದ ಕಾಗದ. ಹೀಗೆ ಒಂದೇ ಮನೆ ಎರಡಾದುದೂ ಉಂಟು. ತಲೈಮನ್ನಾರಿನ ತನಕ ರೈಲು, ಅಲ್ಲಿಂದ ಹಡಗು. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಟಿ ಕೊಚ್ಚಿಹೋದ ಕಾರಣ ಹಡಗು ರಾಮೇಶ್ವರಕ್ಕೇ ಬರುತ್ತಿತ್ತು. ಅನಂತರ ಮಂಡಪದ ಶಿಬಿರ. ಕುಟುಂಬಕ್ಕೊಂದು ಚೀಟಿ, ಯಾರಿಗೆ ಯಾವ ಊರು, ಯಾವ ಕೆಲಸವೆಂಬುದು ಅದರಲ್ಲಿ. ಕೆಲವರಿಗೆ ನೀಲಗಿರಿಯ ಚಹದ ತೋಟ ದೊರಕಿತು. ಅವರು ಭಾಗ್ಯವಂತರೆನ್ನಬೇಕು, ಬೆಟ್ಟ ಅದೇ, ಚಳಿ ಅದೇ, ಕೆಲಸ ಅದೇ. ಹುಟ್ಟಿದಂದಿನಿಂದ ತಕ್ಕಡಿ ಹಿಡಿಯದವರಿಗೆ ವ್ಯಾಪಾರ ಮಾಡಿರೆಂದು ಸಾಲವನ್ನೂ ಕೊಟ್ಟರು. ಆ ಹಣ ಬಹಳ ಕಾಲ ಉಳಿಯಲಿಲ್ಲ.

ಸುಳ್ಯದ ಕಡೆಗೆ ಬಂದವರ ಪಾಲಿಗೆ ಬಿದ್ದುದು ಅರಣ್ಯ ಇಲಾಖೆಯವರು ಹಾಕಿಸಿದ ರಬ್ಬರಿನ ತೋಟ. ನುವರ ಎಲಿಯದಂತಹ ಊರು ಸುಮಾರು 6,000 ಅಡಿ ಎತ್ತರದಲ್ಲಿದೆ. ಅಂತಹ ಕಡೆ ಕಂಬಳಿ ಹೊದ್ದು ಮಲಗಿದವರು ಘಟ್ಟದ ಬುಡದ ಸೆಕೆಗೂ ಮುಂಗಾರಿನ ಜಡಿಮಳೆಗೂ ಮೈಯೊಡ್ಡಬೇಕಾಯಿತು. ಕೈಗಳು ಕಲಿತಿದ್ದುದು ಎರಡೆಲೆ ಒಂದು ಕುಡಿಯನ್ನು ಚಿವುಟುವುದನ್ನು. ಈಗ ಕೈಗೆ ಬಂದುದು ಬಾಗುಗತ್ತಿ. ರಬ್ಬರಿನ ಕೆಲಸ ನೋಡುವುದಕ್ಕೆ ಹಗುರ, ಮಾಡುವುದಕ್ಕೆ ಬಹು ನಾಜೂಕು. ಹೊತ್ತು ಏರಿದಂತೆ ಹಾಲು ಇಳಿಯುವುದು ಕಡಮೆಯಾಗುವುದರಿಂದ ಬೆಳಕು ಹರಿಯುವ ಮೊದಲೇ ಮರದ ಬಳಿಯಲ್ಲಿರಬೇಕು. ತೊಗಟೆಯನ್ನು ಓರೆಯಾಗಿ, ಎಳೆಯಷ್ಟು ತೆಳ್ಳಗೆ ಸವರಬೇಕು. ಕತ್ತಿ ಆಳಕ್ಕೆ ಹೋದರೆ ಮರಕ್ಕೆ ಗಾಯ, ಮೇಲೆಯೇ ಉಳಿದರೆ ಹಾಲಿಲ್ಲ. ಹೀಗೆ ಒಬ್ಬಳು ಬೆಳಗಿನೊಳಗೆ ನೂರಾರು ಮರಗಳನ್ನು ಮುಗಿಸಿ, ಮತ್ತೆ ಮೊದಲ ಮರಕ್ಕೆ ಬಂದು ಚಿಪ್ಪುಗಳ ಹಾಲನ್ನು ಕೂಡಿಸಬೇಕು. ಮನೆಯಲ್ಲಿ ಮಗುವಿಗೆ ಗಂಜಿ ಯಾವಾಗ ಬೇಯಿಸುವುದು? ನಡುರಾತ್ರಿ ಕಳೆದೊಡನೆ ಎದ್ದು ಒಲೆ ಹೊತ್ತಿಸುವ ಪದ್ಧತಿ ಈ ಮನೆಗಳಿಗೆ ಹೀಗೆ ಬಂದಿತು.

ಅಡಿಗೆಯ ಮಾತು ಬಂದುದರಿಂದ ಒಂದು ವಿಷಯ. ದ್ವೀಪದ ತೋಟಗಳಲ್ಲಿ ಇವರ ಆಹಾರ ಬಹುಮಟ್ಟಿಗೆ ಗೋದಿಹಿಟ್ಟಿನ ದಪ್ಪ ರೊಟ್ಟಿ. ಹಿಟ್ಟಿಗೆ ತೆಂಗಿನ ತುರಿ ಬೆರೆಸಿ ಕಾವಲಿಯಲ್ಲಿ ಬೇಯಿಸುವುದು, ಜತೆಗೆ ಕಾಯಿ, ಮೆಣಸು, ಈರುಳ್ಳಿ ಅರೆದ ಸಂಬಲ. ಹಾಲಿಲ್ಲದ ಚಹವನ್ನು, ಅಂಗೈಯಲ್ಲಿ ಬೆಲ್ಲದ ಚೂರಿಟ್ಟುಕೊಂಡು ಕಚ್ಚುತ್ತ ಕುಡಿಯುವರು. ಕುಚ್ಚಿಲಕ್ಕಿಯ ನಾಡಿಗೆ ಬಂದಮೇಲೂ ಆ ರೊಟ್ಟಿ ಬಿಡಲಿಲ್ಲ. ನಮ್ಮ ಸೋದರಿಯರು ಒಮ್ಮೆ ಮಾಡಿನೋಡಬಹುದು. ಕಾಯಿ ಎಳೆಯದಾಗಿರಬಾರದು, ನೀರು ಮಿತವಾಗಿರಬೇಕು.

ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿತರು, ಪೇಟೆಯಲ್ಲಿ ತುಳು, ಮನೆಯಲ್ಲಿ ತಮಿಳು. ಮಕ್ಕಳಿಗೆ ಯಾವ ನೆಲವೂ ಬೇಗ ಒಗ್ಗುತ್ತದೆ. ಹಿರಿಯರಿಗೆ ಒಗ್ಗದೆ ಹೋದುದು ಹೆಸರು. ದ್ವೀಪದಲ್ಲಿ ಇವರು 'ಇಂಡಿಯದವರು'. ಇಂಡಿಯಕ್ಕೆ ಬಂದೊಡನೆ 'ಸಿಲೋನಿನವರು'. ಜಾತಿಯ ಪ್ರಮಾಣಪತ್ರಕ್ಕಾಗಿ ಕಚೇರಿಗೆ ಹೋದರೆ ಅಲ್ಲಿಯೂ ಬಹುಕಾಲ ಇದೇ ತೊಡಕು: ಹಡಗಿನಿಂದ ಬಂದ ಕಾಗದದಲ್ಲಿ ಜಾತಿಯಿಲ್ಲ, ಈ ರಾಜ್ಯದ ದಾಖಲೆಯಲ್ಲಿ ಇವರ ಅಜ್ಜನಿಲ್ಲ. ಓದುವ ಮಗುವಿಗೆ ಸಲ್ಲಬೇಕಾದ ನೆರವು ಅಷ್ಟರಿಂದಲೇ ತಪ್ಪಿಹೋಗುತ್ತಿತ್ತು. ನಮ್ಮಂತಹ ನೆರೆಯವರೂ ಇದರಲ್ಲಿ ನಿರ್ದೋಷಿಗಳಲ್ಲ. ಸಾಲಾಗಿ ಕಟ್ಟಿದ ಮನೆಗಳ ಮುಂದೆ ಹಾದುಹೋಗುವಾಗ, ಅಲ್ಲಿರುವವಳ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ.

ದ್ವೀಪದಲ್ಲಿ ಉಳಿದ ಭಾರತಮೂಲದವರಿಗೆ 2003ರ ಕಾನೂನು ಅಲ್ಲಿಯ ಪೌರತ್ವವನ್ನು ಕೊಟ್ಟಿತು. ಇಷ್ಟು ವರ್ಷ ಕಾದಿದ್ದರೆ ತಾವೂ ಬರಬೇಕಾಗಿರಲಿಲ್ಲವಲ್ಲ ಎಂದು ಇಲ್ಲಿರುವವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. 1983ರ ಗಲಭೆಯ ಸುದ್ದಿ ಬಂದಾಗ ಬಂದುದೇ ಒಳ್ಳೆಯದಾಯಿತೆಂದು ತೋರಿದ್ದರೂ ಆಶ್ಚರ್ಯವಿಲ್ಲ. ಎರಡೂ ಒಂದೇ ಮನಸ್ಸಿನಲ್ಲಿರಬಹುದು.

ತೋಟದ ಮನೆ ಕೆಲಸಕ್ಕೆ ಸೇರಿದ್ದು. ಮೂವತ್ತು ವರ್ಷ ಮರ ಸವರಿದವಳಿಗೆ ನಿವೃತ್ತಿಯ ವಯಸ್ಸು ಬಂದಾಗ, ಮನೆಯಲ್ಲಿ ಬೇರಾರೂ ತೋಟದ ಕೆಲಸದಲ್ಲಿಲ್ಲದಿದ್ದರೆ ಬೀಗದ ಕೈಯನ್ನು ಹಿಂದಕ್ಕೆ ಕೊಡಬೇಕು. ಆಗ ಅವಳು ಟ್ರಂಕನ್ನು ತೆರೆದು, ಮಂಡಪದಲ್ಲಿ ಕೊಟ್ಟ ಕುಟುಂಬದ ಚೀಟಿಯನ್ನು ಹಳೆಯ ಸೀರೆಯ ಮಡಿಕೆಯೊಳಗೆ ಮತ್ತೊಮ್ಮೆ ಇಡುವಳು.